ದೊಡ್ಡ ಮುದ್ರೆಯ ಕಾಗದ

ಟ್ರಂಕಿನಲ್ಲಿ ಮೂರು ಉರ್ದು ಕಾಗದಗಳಿದ್ದವು. ಈಗ ಎರಡೇ!

“ಹೋತವ್ವಾ, ಓದುಮನಿ ಜಾಗಾನೂ ಹೋತು!” ಮಣ್ಣೂರ ಮಹಿಳಾ ಸಂಘದ ಮರೆಮ್ಮ ಕುಸಿದು ಕೂತಳು.

ಹೆಡ್ ಕಾನ್ಸ್‌ಟೇಬಲ್ ಪಂಚಶೀಲಾ ಟ್ರಂಕಿನ ಮುಂದೆ ಕೂತಳು. ಅವಳೂ ಇದೇ ಊರಿನ ಮಗಳು. ಮರೆಮ್ಮನ ಅಜ್ಜನಿಗೆ ನಿಜಾಮರ ಕಾಲದಲ್ಲಿ ಸಿಕ್ಕ ಜಾಗದಲ್ಲಿ ಹುಡುಗಿಯರಿಗೆ ಓದುಮನೆ ಕಟ್ಟಬೇಕಿತ್ತು. ಜಾಗ ತನ್ನದೆಂದು ದೌಲತರಾಯ ದಾವೆ ಹೂಡಿದ್ದ. ಸೋಮವಾರ ಕೋರ್ಟಿಗೆ ಮೂಲ ಕಾಗದ ತೋರಿಸಬೇಕು.

“ಯಾವ ಕಾಗದ ಹೋಗ್ಯಾದ?”

“ನಮಗೇನು ಓದಾಕ ಬರ್ತದ? ಕಳ್ಳ ಜಾಗದ್ದೇ ಒಯ್ದಿರ್ತಾನ.”

“ಟ್ರಂಕ್ ಯಾರ್ಯಾರು ನೋಡ್ಯಾರ?”

“ನಿನ್ನೆ ಇಬ್ಬರೇ. ಕಾಗದ ಓದಾಕ ಬಂದ ಮಹೆಕ ಟೀಚರ್; ಓದಿದ್ರು, ಯಾವುದು ಏನಂತ ನನಗ ಗುರುತು ಉಳಿಲಿಲ್ಲ. ಆಮ್ಯಾಲ ವಕೀಲ ಅರುಣಕುಮಾರ ಸಾಹೇಬ್ರು. ಇಬ್ಬರು ಬಂದಾಗೂ ನಾ ಚಾ ಕಾಸಾಕ ಒಳಗ ಹೋಗಿದ್ದೆ.”

ಆ ಇಬ್ಬರಲ್ಲಿ ಉರ್ದು ಬಲ್ಲವಳು ಮಹೆಕ ಒಬ್ಬಳೇ. ಪಂಚಶೀಲಾ ಹಿಂದುಮುಂದು ನೋಡಲಿಲ್ಲ. ಶಾಲೆಗೇ ಹೋಗಿ ಮಕ್ಕಳೆದುರು ಅವಳ ಚೀಲ ಜಾಲಾಡಿದಳು. ಸಿಕ್ಕಿದ್ದು ರೊಟ್ಟಿಬುತ್ತಿ.

“ಸಮಾಧಾನ ಆಯ್ತೇನ್ರಿ?” ಎಂದಳು ಮಹೆಕ.

*

ಅಫಜಲಪುರದಲ್ಲಿ ಅರುಣಕುಮಾರನ ಆಫೀಸು. ಈ ವಕೀಲನನ್ನು ಸಂಘಕ್ಕೆ ಹುಡುಕಿಕೊಟ್ಟವಳು ಪಂಚಶೀಲಾಳೇ. ಆಳಂದದ ವಕೀಲೆ ಯಶೋಧರಾ ಜಮೀನು ಕೇಸಿನಲ್ಲಿ ಪಳಗಿದವಳು, ಆಕೆಯನ್ನು ಕೇಳ್ರಿ ಎಂದು ಮಹೆಕ ಆಗಲೇ ಹೇಳಿದ್ದಳು. “ಆಕಿ ಆಫೀಸಿಗೆ ನೆಟ್ಟಗ ಒಂದು ಬೋರ್ಡಿಲ್ಲ” ಎಂದು ಇವಳು ನಕ್ಕಿದ್ದಳು. ಇವನ ಬೋರ್ಡು ಬಾಗಿಲಿಗಿಂತ ದೊಡ್ಡದು. ಯಾರ್ಯಾರ ಕೆಲಸ ಹಿಡಿದಿದ್ದಾನೆಂದು ಒಂದು ಮಾತು ಕೇಳಿರಲಿಲ್ಲ.

“ಟ್ರಂಕಿನಾಗಿಂದ ಒಂದು ಕಾಗದ ಹೋಗ್ಯಾದ್ರಿ, ಸರ.”

“ಅಯ್ಯೋ! ಆ ದೊಡ್ಡ ಮುದ್ರಿ ಕಾಗದ ಇಲ್ಲಂದ್ರ ಕೇಸು ನಿಲ್ಲಂಗಿಲ್ಲಮ್ಮಾ. ರಾಜಿ ಮಾಡ್ಕೋರಿ.”

*

ಸಂಜೆ ಪಂಚಶೀಲಾ ಉಳಿದೆರಡು ಕಾಗದಗಳನ್ನು ಮಹೆಕಳ ಮುಂದಿಟ್ಟಳು. ಮುಖ ಎತ್ತಲಾಗಲಿಲ್ಲ.

“ಜಾಗದ ಕಾಗದ ಇಲ್ಲೇ ಅದಲ್ರಿ!” ಎಂದಳು ಮಹೆಕ. “ಮುದ್ರಿ ಸಣ್ಣದು, ಮಾಸ್ಯಾದ. ಹೋಗಿದ್ದು ಎರಡು ಎತ್ತು ಭೀಮಾ ಹೊಳಿ ದಾಟಿಸೋ ಪರವಾನಗಿ. ಅದರ ಮುದ್ರಿ ಮಾತ್ರ ಅಂಗೈಯಷ್ಟು.”

ಪಂಚಶೀಲಾ ದಡಕ್ಕನೆ ಎದ್ದಳು.

*

“ಕಾಗದ ಹೋಗ್ಯಾದ ಅಂದೆ. ದೊಡ್ಡ ಮುದ್ರಿದು ಅಂತ ನಾ ಅಂದಿದ್ದಿಲ್ಲ, ವಕೀಲರ. ಓದಾಕ ಬರೋರು ಎತ್ತಿನ ಪರವಾನಗಿ ಯಾಕ ಒಯ್ತಾರ? ಮುದ್ರಿ ನೋಡಿ ಒಯ್ದಾಂವ ಓದಾಕ ಬರದಾಂವ. ಟ್ರಂಕ್ ನೋಡಿದ ಇಬ್ಬರೊಳಗ ಅದು ನೀವೇ. ಬ್ಯಾಗ್ ತಗೀರಿ.”

ಕಾಗದ ಬ್ಯಾಗಿನಲ್ಲೇ ಇತ್ತು. ಅರುಣಕುಮಾರ ಬ್ಯಾಗು ಮುಚ್ಚಿದ. “ದೌಲತರಾಯರು ನನಗ ಹಳೇ ಕಕ್ಷಿದಾರರು... ನಾಳೆ ಅವರಿಗೆ ಕೊಡಾಂವ ಇದ್ದೆ.”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಬೇಲಿ ಹಾಕಿದವಳು ಯಾರು? ಅವನು ಮುದ್ರೆ ನೋಡಿ ಕದ್ದ, ನಾನು ಬೋರ್ಡು ನೋಡಿ ಆರಿಸಿದೆ, ಏನು ಫರಕು ಎಂದುಕೊಂಡಳು ಪಂಚಶೀಲಾ.

ಸೋಮವಾರ ಸಂಘದ ಪರವಾಗಿ ಯಶೋಧರಾ ಮೂಲ ಕಾಗದವನ್ನು ಕೋರ್ಟಿನ ಮುಂದಿಟ್ಟಳು. ಮಂಗಳವಾರ ಪಂಚಶೀಲಾ ಶಾಲೆಯ ಬಾಗಿಲಲ್ಲಿ ನಿಂತಳು.

“ತಪ್ಪಾತ್ರಿ, ಟೀಚರ್.”

ಮಹೆಕ ತರಗತಿಯ ಕಡೆ ಕೈ ತೋರಿಸಿದಳು. “ಮಕ್ಕಳ ಮುಂದ ಚೀಲ ಹುಡುಕಿದ್ರಿ. ಅವರ ಮುಂದೇ ಹೇಳ್ರಿ.”

ಪಂಚಶೀಲಾ ಟೋಪಿ ತೆಗೆದು ಒಳಗೆ ಹೋದಳು.