ನಗುವಿಗೆ ಮೊದಲೇ ನಕ್ಕವನು

ಜೋಕು ಇನ್ನೂ ಬಂದೇ ಇರಲಿಲ್ಲ. ಅವನು ಆಗಲೇ ನಕ್ಕುಬಿಟ್ಟ!

ಹೊಲಿಗೆ ಯಂತ್ರದ ಮೇಲೆ ಬಗ್ಗಿದ್ದ ಸೂಜಿ ತಟ್ಟನೆ ತಲೆಯೆತ್ತಿದಳು. ಸೂಜಿ ಎಂಬುದು ಬೀದಿಯವರು ಅವಳಿಗೆ ಇಟ್ಟ ಹೆಸರು. ಅರ್ಧ ಅವಳ ಕಸುಬಿಗೆ, ಅರ್ಧ ಅವಳ ನಾಲಿಗೆಗೆ.

ಎದುರಿಗೆ ಒಬ್ಬ ಗಂಡಸು ಹರಿದ ಏಪ್ರನ್ ಹಿಡಿದು ನಿಂತಿದ್ದ. ಟಿವಿ ಇದ್ದದ್ದು ಅವನ ಬೆನ್ನ ಹಿಂದೆ, ಬಾಗಿಲ ಮೇಲೆ. ಅದರಲ್ಲಿ ಹಳೆಯ ಹಾಸ್ಯಚಿತ್ರ ಓಡುತ್ತಿತ್ತು. ಜಂಬದ ಮಾವನೊಬ್ಬ ಹೊಸ ಬೂಟು ಹಾಕಿಕೊಂಡು ಸೋಪುನೀರು ಚೆಲ್ಲಿದ ನೆಲದ ಮೇಲೆ ಕಾಲಿಡುತ್ತಿದ್ದ. ಮಾವ ಇನ್ನೂ ಜಾರಿರಲಿಲ್ಲ. ಇವನು ತಿರುಗಿಯೂ ನೋಡಿರಲಿಲ್ಲ.

"ಯಾಕ್ರೀ ನಗ್ತಿದ್ದೀರಾ? ನನ್ನ ಮುಖದಲ್ಲಿ ಏನಾದ್ರೂ ಕುಣೀತಿದ್ಯಾ?"

"ಅಯ್ಯೋ, ನಿಮ್ಮನ್ನ ನೋಡಿ ಅಲ್ಲ! ಮಾವ ಈಗ ಬೀಳ್ತಾನಲ್ಲ, ಅದಕ್ಕೆ."

ಧೊಪ್! ಅವನ ಬೆನ್ನ ಹಿಂದೆ ಮಾವ ಬಿದ್ದ.

"ಬಿದ್ದಿದ್ದಕ್ಕೆ ನಗೋದು ದೊಡ್ಡ ವಿಷಯ ಅಲ್ಲ," ಅವನು ಏಪ್ರನ್ ಮೇಜಿನ ಮೇಲಿಟ್ಟ. "ಬೀಳ್ತೀನಿ ಅಂತ ಗೊತ್ತಿದ್ರೂ ಜಂಬ ಬಿಡದೆ ನಡೀತಾನೆ ನೋಡಿ... ಅದು ಕಾಮಿಡಿ!"

ಸೂಜಿ ಯಂತ್ರ ನಿಲ್ಲಿಸಿದಳು. ಅದು ಅವಳ ಮಾತು! ಅಕ್ಷರಕ್ಕೆ ಅಕ್ಷರ ಅವಳದೇ! ಇವನ ಬಾಯಿಗೆ ಹೇಗೆ ಬಂತು?

'ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ...'

ಅನುಮಾನ ಸುಮ್ಮನೆ ಬಂದದ್ದಲ್ಲ. ಅಣ್ಣ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವಳು ಮತ್ತು ಅತ್ತಿಗೆ, ಇಬ್ಬರೇ. ಅತ್ತಿಗೆಗೆ ಒಂದೇ ಹಟ. ಗಂಡನ ತಂಗಿಗೆ ಒಂದು ಮದುವೆ ಮಾಡಬೇಕು. ಹಿಂದೆ ಒಬ್ಬ ವಿಮೆ ಏಜೆಂಟನನ್ನು ಹಿಡಿದು ತಂದಿದ್ದಳು. ಸೂಜಿಗೆ ಯಾವ ಸಿನಿಮಾ ಇಷ್ಟ, ಯಾವ ಆಟಗಾರ ಇಷ್ಟ, ಎಲ್ಲವನ್ನೂ ಅವನಿಗೆ ಪಾಠ ಮಾಡಿದ್ದಳು. ಅವನೂ ಗಿಳಿಯ ಹಾಗೆ ಒಪ್ಪಿಸಿದ. ಸೂಜಿ ಕರಗಿಯೂ ಹೋದಳು! ಆಮೇಲೆ ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಕರೆದುಕೊಂಡು ಹೋದರೆ, "ಗೋಲ್‌ಕೀಪರ್ ಎಲ್ಲಿ ಕಾಣ್ತಿಲ್ವಲ್ಲ?" ಎಂದು ಕೇಳಿದ ಪುಣ್ಯಾತ್ಮ. ಅದನ್ನಾದರೂ ಕ್ಷಮಿಸಬಹುದಿತ್ತು. "ಮದುವೆ ಆದ್ಮೇಲೆ ಈ ಹುಚ್ಚೆಲ್ಲ ಬಿಡ್ಬೇಕು" ಅಂದನಲ್ಲ, ಅದು ಮುಳ್ಳಿನಂತೆ ಒಳಗೇ ಉಳಿದಿತ್ತು.

ಇನ್ನೊಮ್ಮೆ ಮೋಸ ಹೋಗುವುದಿಲ್ಲ ಎಂದು ಅವಳು ಆವತ್ತೇ ತೀರ್ಮಾನಿಸಿದ್ದಳು.

"ಏನು ಕೆಲಸ ನಿಮ್ದು?"

"ಕಟ್ಟುಹಲ್ಲು ಮಾಡ್ತೀನಿ."

"ಎಲ್ಲಿ ಅಂಗಡಿ?"

"ಇಲ್ಲೇ... ಹತ್ರ," ಎಂದವನು ಕಣ್ಣು ತಪ್ಪಿಸಿದ.

'ಕಳ್ಳ!' ಎಂದುಕೊಂಡಳು ಸೂಜಿ. ಆದರೂ ಏಪ್ರನ್‌ನ ಜೇಬನ್ನು ಎರಡು ಪಟ್ಟು ಗಟ್ಟಿಯಾಗಿ ಹೊಲಿದುಕೊಟ್ಟಳು. ಯಾಕೋ!

* * *

ಆಮೇಲೆ ಅವನು ಬರತೊಡಗಿದ. ಒಮ್ಮೆ ಗುಂಡಿ ಕಿತ್ತಿರುತ್ತಿತ್ತು, ಒಮ್ಮೆ ತೋಳು ಹರಿದಿರುತ್ತಿತ್ತು. ಬೇಕೆಂದೇ ಕಿತ್ತುಕೊಂಡು ಬರುತ್ತಾನೆಂದು ಹರಿದ ರೀತಿಯಲ್ಲೇ ಸೂಜಿಗೆ ಗೊತ್ತಾಗುತ್ತಿತ್ತು.

ಊರಿನ ವೃತ್ತಿಪರ ಬಾಸ್ಕೆಟ್‌ಬಾಲ್ ತಂಡದ ಅಂಗಿಗಳಿಗೆ ನಂಬರು ಹೊಲಿಯುವುದು ಅವಳ ಮುಖ್ಯ ಕೆಲಸ. ಟಿವಿ ಇಡೀ ದಿನ ಓಡುತ್ತಿತ್ತು, ಅದಕ್ಕೆ ಉತ್ತರ ಕೊಡುತ್ತಾ ಅವಳ ಬಾಯಿಯೂ. ಅಂಗಡಿಯ ಹಿಂಗೋಡೆ ಬರೀ ಹಲಗೆಯದು. ಅದರಾಚೆ, ಹಿಂದಿನ ಗಲ್ಲಿಗೆ ಬಾಗಿಲಿದ್ದ ಯಾವುದೋ ಕಾರ್ಖಾನೆಯಲ್ಲಿ ಅರೆಯುವ ಯಂತ್ರವೊಂದು ಗರ್ರೆಂದು ಕಿರುಚುತ್ತಿತ್ತು. ಪಂದ್ಯದ ಕೊನೆಯ ಗಳಿಗೆಯಲ್ಲಿ ಅದು ಶುರುವಾದರೆ ಸೂಜಿ ಮರದ ಸ್ಕೇಲಿನಿಂದ ಗೋಡೆಗೆ ಬಡಿದು, "ಏಯ್, ನಿಲ್ಸೋ ಆ ದರಿದ್ರ ಮಿಷಿನ್ನು!" ಎಂದು ಕೂಗುತ್ತಿದ್ದಳು. ಅದು ನಿಲ್ಲುತ್ತಿತ್ತು. ಆಚೆಗಿರುವ ಹೆದರುಪುಕ್ಕಲ ಯಾರೆಂದು ಅವಳು ಎಂದೂ ಯೋಚಿಸಿರಲಿಲ್ಲ.

"ನಂಬರ್ ಏಳು ಬಾಲ್ ಬಿಟ್ಟುಕೊಡಲ್ಲ. ಜಿಪುಣ," ಎನ್ನುತ್ತಿದ್ದ ಹಲ್ಲಿನವನು.

ಅದೂ ಅವಳದೇ ಅಭಿಪ್ರಾಯ!

"ಆಕಾಶನೌಕೆ ಧಾರಾವಾಹಿ ನೋಡ್ತೀರಾ?" ಅವಳು ಬಲೆ ಬೀಸಿದಳು.

"ಹೂಂ... ಆದ್ರೆ ಅಷ್ಟು ಗ್ರಹ ಸುತ್ತಿದ್ರೂ ಒಬ್ಬನದ್ದೂ ಬಟ್ಟೆ ಹರಿಯಲ್ವಲ್ಲ! ಅವರ ಟೈಲರ್ ಯಾರು ಅಂತ ಒಂದ್ಸಲನಾದ್ರೂ ತೋರಿಸ್ಬಾರ್ದಾ?"

ಸೂಜಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಸಿಟ್ಟು ಬಂತು. ಇದನ್ನು ಹೇಳಿದವಳೂ ತಾನೇ!

ಆ ಸಂಜೆ ಮನೆಯಲ್ಲಿ ತಟ್ಟೆ ತೊಳೆಯುತ್ತಾ ಅತ್ತಿಗೆ ಕೇಳಿದಳು, "ಯಾರೋ ದಿನಾ ಬರ್ತಾರಂತೆ ಅಂಗಡಿಗೆ?"

"ಯಾರಂತ ನಿಮಗೆ ಗೊತ್ತಿಲ್ವಾ, ಅತ್ತಿಗೆ?"

"ನಂಗೇನು ಗೊತ್ತು?" ಅತ್ತಿಗೆ ಮುಸಿಮುಸಿ ನಕ್ಕಳು.

ಆ ನಗು ನೋಡಿ ಸೂಜಿಯ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

* * *

ಅವನು ಪಂದ್ಯಕ್ಕೆ ಕರೆದಾಗ ಹೋದಳು. ಪರೀಕ್ಷೆ ಮಾಡಿಯೇಬಿಡೋಣ ಎಂದು ಹೋದದ್ದು. ಹಾಗಂತ ತನಗೆ ತಾನೇ ಹೇಳಿಕೊಂಡಳು. ಹಾಗಿದ್ದರೆ ಹೊಸ ಬಟ್ಟೆ ಯಾಕೆ ಹಾಕಿದಳು? ಕೇಳಬೇಡಿ.

ಅವನು ಗೋಲ್‌ಕೀಪರನ್ನು ಹುಡುಕಲಿಲ್ಲ. ಎಲ್ಲಾ ಸರಿಯಾಗಿಯೇ ಹೇಳಿದ. ಆದರೆ ಕೊನೆಯ ನಿಮಿಷ, ಎರಡೂ ತಂಡದ ಅಂಕ ಸಮ, ಇಡೀ ಕ್ರೀಡಾಂಗಣ ಎದ್ದು ನಿಂತಿದೆ... ಪಕ್ಕಕ್ಕೆ ತಿರುಗಿದರೆ ಹಲ್ಲಿನವನು ಕಣ್ಣು ಮುಚ್ಚಿಕೊಂಡು ಕೂತಿದ್ದಾನೆ!

"ನಿದ್ದೆ ಬಂತಾ?"

"ಇಲ್ಲ... ಹೀಗಿದ್ರೆನೇ ನಂಗೆ ಚೆನ್ನಾಗಿ ಕಾಣುತ್ತೆ."

ಕಣ್ಣು ಮುಚ್ಚಿ ಬಾಸ್ಕೆಟ್‌ಬಾಲ್ ನೋಡುವ ಗಂಡಸು! ಇದೇನು ನಾಟಕ?

ಮುಚ್ಚಿದ ಆ ಕಣ್ಣುಗಳ ಮೇಲೆ ಅವಳ ದೃಷ್ಟಿ ನಿಂತೇಬಿಟ್ಟಿತು. ಗೆಲುವಿನ ಬುಟ್ಟಿಗೆ ಬಾಲು ಬಿದ್ದದ್ದನ್ನು ಅವಳೂ ನೋಡಲಿಲ್ಲ.

ವಾಪಸು ಬಸ್‌ಸ್ಟಾಪಿಗೆ ನಡೆಯುವಾಗ ಅವನು ಧಾರಾವಾಹಿಯ ಮಾತೆತ್ತಿದ. ಅದರಲ್ಲಿ ಗುಡುಗು ಎಂಬ ಒಂದು ರೋಬೋ ಇತ್ತು.

"ಗುಡುಗು ಅಷ್ಟು ದೊಡ್ಡ ದೇಹ ಇಟ್ಕೊಂಡು ಆ ಸಣ್ಣ ಕಿಂಡಿಯಲ್ಲಿ ಹೇಗೆ ನುಸುಳಿದ ಅನ್ನೋದೇ ನಂಗೆ ಇವತ್ತಿಗೂ ಅರ್ಥ ಆಗಿಲ್ಲ."

ಸೂಜಿ ನಿಂತುಬಿಟ್ಟಳು.

ಗುಡುಗಿನ ಗಂಟಲು ದೊಡ್ಡದು, ನಿಜ. ಆದರೆ ಅದರ ಮೈ ಒಂದು ಟೀ ಕೆಟಲಿನಷ್ಟು! ಒಂದೇ ಒಂದು ಕಂತು ನೋಡಿದ ಮಗುವಿಗೂ ಅದು ಗೊತ್ತು.

"ನೀನು ಆ ಧಾರಾವಾಹಿ ನೋಡೇ ಇಲ್ಲ, ಅಲ್ವಾ?" ಮರ್ಯಾದೆಯ ಬಹುವಚನ ಅಲ್ಲಿಗೇ ಉದುರಿತು.

ಅವನ ಮುಖ ಬಿಳಿಚಿತು. "...ನೋಡಿಲ್ಲ."

"ಎಷ್ಟು ದಿನ ಪಾಠ ಮಾಡಿದ್ರು ಅತ್ತಿಗೆ?"

"ಯಾವ ಅತ್ತಿಗೆ?"

"ನಾಟಕ ಸಾಕು! ನನ್ನ ಮಾತನ್ನ ನನಗೇ ಮಾರೋಕೆ ಬಂದಿದ್ದೀಯಾ?"

"ನನ್ನ ಮಾತು ಕೇಳಿ... ನಂಗೆ ಯಾರೂ ಹೇಳಿಕೊಟ್ಟಿಲ್ಲ. ಆ ನೌಕೆಯ ಕ್ಯಾಪ್ಟನ್ ಸತ್ತು ವಾಪಸ್ ಬಂದಾಗ ನೀವು ಎಷ್ಟು ನೊಂದುಕೊಂಡ್ರಿ ಅಂತಾನೂ ಗೊತ್ತು. ಸತ್ತವನು ಹೀಗೆ ಎದ್ದು ಬರೋದಾದ್ರೆ ನಾವು ಅತ್ತಿದ್ದು ಯಾರಿಗೋಸ್ಕರ ಅಂತ..."

ಸೂಜಿ ಒಂದು ಹೆಜ್ಜೆ ಹಿಂದೆ ಸರಿದಳು.

ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ! ಆ ಧಾರಾವಾಹಿಯನ್ನು ಅವಳು ಅಣ್ಣನ ಜೊತೆ ನೋಡುತ್ತಾ ಬೆಳೆದವಳು. ಕ್ಯಾಪ್ಟನ್ ವಾಪಸು ಬಂದ, ಅಣ್ಣ ಬರಲಿಲ್ಲ. ಆ ದಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಒಬ್ಬಳೇ, ಟಿವಿಗೆ ಬೈದು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಆಗಲೇ ಗೋಡೆಯಾಚೆಯ ಯಂತ್ರ ಎಂದೂ ಇಲ್ಲದಷ್ಟು ಜೋರಾಗಿ ಅರಚಿತ್ತು. ಎಂಥ ಕಟುಕ ಎಂದು ಅದಕ್ಕೂ ಶಾಪ ಹಾಕಿದ್ದಳು.

"ಇನ್ನೊಂದ್ಸಲ ನನ್ನ ಅಂಗಡಿ ಮೆಟ್ಟಿಲು ಹತ್ತಬೇಡ!"

ಬಸ್ಸು ಬಂತು. ಅವನು ಏನೋ ಹೇಳುತ್ತಿದ್ದ. ಅವಳು ಹತ್ತಿ ಹೋದಳು.

* * *

"ದೇವರಾಣೆ ನಂಗೆ ಗೊತ್ತಿಲ್ಲ ಕಣೇ!" ಅತ್ತಿಗೆಯ ಕಣ್ಣಲ್ಲಿ ನೀರು ತುಂಬಿತು. "ಒಂದ್ಸಲ ತಪ್ಪು ಮಾಡ್ದೆ, ಸರಿ. ಆಮೇಲೆ ಯಾರ ಹತ್ರನೂ ನಿನ್ನ ವಿಷ್ಯ ಎತ್ತಿಲ್ಲ. ನಕ್ಕಿದ್ದು ಯಾಕೆ ಅಂದ್ರೆ... ನೀನು ಹಾಡು ಗುನುಗ್ತಾ ಮನೆಗೆ ಬರ್ತಿದ್ದೆ. ಅದಕ್ಕೆ."

ಹಾಗಾದರೆ ಕ್ಯಾಪ್ಟನ್ ವಾಪಸು ಬಂದ ದಿನ ತಾನು ಅಂಗಡಿಯಲ್ಲಿ ಅಳುತ್ತಾ ಆಡಿದ ಮಾತು ಅವನಿಗೆ ಹೇಗೆ ಗೊತ್ತಾಯಿತು ಎಂದು ಸೂಜಿ ಕೇಳಿದಳು.

"ಮತ್ತೆ... ನೀನು ಒಬ್ಬಳೇ ಕೂತು ಅತ್ತಿದ್ಯಾ?" ಅತ್ತಿಗೆ ಮೆಲ್ಲಗೆ ಕೇಳಿದಳು. "ನಂಗೆ ಹೇಳ್ಲೇ ಇಲ್ಲ. ನಾನೂ ಸ್ನಾನದ ಮನೇಲಿ ಕೂತೇ ಅಳೋದು ಕಣೇ."

ಇಬ್ಬರೂ ತಬ್ಬಿಕೊಂಡು ಅತ್ತರು. ಒಂದು ಅನುಮಾನ ಕರಗಿತು. ಆದರೆ ಇನ್ನೊಂದು ಹೆಡೆ ಎತ್ತಿತು. ಅತ್ತಿಗೆ ಅಲ್ಲದಿದ್ದರೆ ಮತ್ತೆ ಯಾರು?

ಮರುದಿನ ಅವಳು ಅಂಗಡಿ ಜಾಲಾಡಿದಳು. ಮೇಜಿನಡಿ ನೋಡಿದಳು, ದೀಪದ ಬುರುಡೆ ಬಿಚ್ಚಿ ನೋಡಿದಳು, ಬಟ್ಟೆ ಹಾಕಿ ನಿಲ್ಲಿಸಿದ್ದ ಬೊಂಬೆಯ ತಲೆಯನ್ನೂ ತಿರುಗಿಸಿ ನೋಡಿದಳು. ಎಲ್ಲೂ ಕ್ಯಾಮೆರಾ ಇಲ್ಲ.

ಅವನೂ ಬರಲಿಲ್ಲ. ಒಂದು ವಾರ ಕಳೆಯಿತು. ಹಾಸ್ಯಚಿತ್ರದ ಮಾವ ಜಾರಿದಾಗ ನಗು ಬರಲಿಲ್ಲ ಅವಳಿಗೆ. 'ಬಾರದಿದ್ದರೆ ಬೇಡ, ನನಗೇನು!' ಎನ್ನುತ್ತಲೇ ಬಾಗಿಲ ಕಡೆ ನೋಡುತ್ತಿದ್ದಳು.

ಮುಂದಿನ ಪಂದ್ಯ ಬಂತು. ಮತ್ತೆ ಕೊನೆಯ ನಿಮಿಷ. ನಂಬರ್ ಏಳು ಬಾಲು ಹಿಡಿದು ಓಡುತ್ತಿದ್ದಾನೆ... ಗರ್ರ್ ಎಂದಿತು ಗೋಡೆಯಾಚೆಯ ಯಂತ್ರ.

ಕೈ ತಾನಾಗಿ ಸ್ಕೇಲು ಎತ್ತಿಕೊಂಡಿತು. ಧಡ್ ಧಡ್!

"ಏಯ್, ನಿಲ್ಸೋ! ಕೊನೇ ನಿಮಿಷ ಅಂತ ಗೊತ್ತಾಗಲ್ವಾ?"

ಯಂತ್ರ ನಿಂತಿತು.

"ತಪ್ಪಾಯ್ತು... ಮರೆತುಬಿಟ್ಟೆ," ಎಂದಿತು ಹಲಗೆಯಾಚೆಯಿಂದ ಒಂದು ಸಣ್ಣ ದನಿ.

ಸ್ಕೇಲು ಕೈಯಿಂದ ಜಾರಿತು. ಆ ದನಿ... ಅದೇ ದನಿ!

ಪಂದ್ಯ ಏನಾಯಿತೆಂದು ಅವಳು ನೋಡಲಿಲ್ಲ. ಬೀದಿ ಸುತ್ತಿಕೊಂಡು ಹಿಂದಿನ ಗಲ್ಲಿಗೆ ಓಡಿದಳು.

* * *

ಸಣ್ಣ ಕೋಣೆ. ಗೋಡೆಯುದ್ದಕ್ಕೂ ಪ್ಲಾಸ್ಟರಿನ ದವಡೆಗಳು ಹಲ್ಲು ಕಿರಿಯುತ್ತಾ ಸಾಲಾಗಿ ಕೂತಿದ್ದವು. ಟಿವಿ ಇಲ್ಲ. ಕೆಲಸದ ಮೇಜು ಹಲಗೆ ಗೋಡೆಗೆ ತಾಗಿಕೊಂಡೇ ಇತ್ತು. ಅದರ ಮೇಲೆ ಮೇಣದಲ್ಲಿ ಮಾಡಿದ ಒಂದು ರೋಬೋ. ಅಗಲ ಭುಜ, ಕಂಬದಂಥ ಕಾಲು.

"ಇದು ಗುಡುಗಾ?" ಏದುಸಿರು ಬಿಡುತ್ತಾ ಕೇಳಿದಳು.

"ದನಿ ಕೇಳಿ ಹೀಗಿರ್ಬಹುದು ಅಂತ..." ಅವನು ಎದ್ದು ನಿಂತ. ಅವಳು ಹೊಲಿದ ಏಪ್ರನ್ನೇ ಹಾಕಿದ್ದ. "ನೀವು ಅಂಗಡಿ ಹಾಕ್ದಾಗಿಂದ ಕೇಳ್ತಿದ್ದೀನಿ. ಸಿನಿಮಾ, ಪಂದ್ಯ, ಎಲ್ಲ ನಿಮ್ಮ ಬಾಯಲ್ಲೇ ನೋಡಿದ್ದು. ನೀವು ನಕ್ಕ ಕಡೆ ನಕ್ಕೆ, ಬೈದ ಕಡೆ ಬೈದೆ. ಆಮೇಲೆ ನಿಮ್ಮನ್ನ ನೋಡ್ಬೇಕು ಅನ್ನಿಸ್ತು. ಏಪ್ರನ್ ಹರ್ಕೊಂಡೆ."

"ಮೊದಲ ದಿನಾನೇ ಹೇಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ನೀವು ಟಿವಿ ಸೌಂಡ್ ಕಮ್ಮಿ ಮಾಡ್ಕೊಂಡುಬಿಟ್ರೆ?"

ಸೂಜಿಗೆ ಸಿಟ್ಟು, ನಾಚಿಕೆ, ಅಳು ಒಟ್ಟಿಗೇ ಬಂದವು.

"ನಾನು ಅತ್ತ ದಿನ... ಅದನ್ನೂ ಕೇಳಿಸ್ಕೊಂಡ್ಯಾ?"

"ಒಂದು ಮಾತು ಕಿವಿಗೆ ಬಿತ್ತು. ತಕ್ಷಣ ಮಿಷಿನ್ ಹಾಕಿದೆ."

"ಏನು ಅರೀತಿದ್ದೆ ಆವತ್ತು?"

"ಏನೂ ಇಲ್ಲ. ಬರೀ ಮಿಷಿನ್ ಓಡಿಸ್ತಾ ಕೂತಿದ್ದೆ. ನೀವು ಅಳೋದನ್ನ ನಾನು ಕೇಳಬಾರ್ದು ಅಂತ."

ಕಟುಕ ಎಂದು ಶಪಿಸಿದ ಆ ಸದ್ದು... ಅದು ಇದಾಗಿತ್ತೇ?

ಆದರೂ ಒಂದು ಮುಳ್ಳು ಉಳಿದಿತ್ತು.

"ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನೋನು ನಂಗೆ ಬೇಡ. ಅಂಥವನು ಒಬ್ಬ ಬಂದು ಹೋಗಿದ್ದಾನೆ. ನಿಂದೂ ಅಂತ ಒಂದಾದ್ರೂ ಅಭಿಪ್ರಾಯ ಇದ್ಯಾ?"

"ನಂಬರ್ ಏಳು... ಒಳ್ಳೆ ಆಟಗಾರ."

"ಏನಂದೆ?!"

"ಬಾಲ್ ಯಾರಿಗೆ ಕೊಡ್ಬೇಕು ಪಾಪ? ಉಳಿದವರು ಕೈಗೆ ಬೆಣ್ಣೆ ಹಚ್ಕೊಂಡಿರ್ತಾರೆ ಅಂತ ನೀವೇ ಬೈತಿರ್ತೀರಲ್ಲ! ಇನ್ನೊಂದು... ಕ್ಯಾಪ್ಟನ್ ವಾಪಸ್ ಬಂದಿದ್ದು ನಂಗೆ ಖುಷಿ ಆಯ್ತು. ನಮ್ಮ ಮನೆಯಿಂದ ಹೋದವರೂ ಯಾರೂ ವಾಪಸ್ ಬಂದಿಲ್ಲ. ಕಥೇಲಾದ್ರೂ ಒಬ್ಬ ಬಂದ್ನಲ್ಲ ಅಂತ."

ಸೂಜಿಯ ಕಣ್ಣು ತುಂಬಿ ಹರಿಯಿತು.

"ನಿನ್ನ ಅಭಿಪ್ರಾಯ ಎರಡೂ ತಪ್ಪು," ಅಂದಳು, ಕಣ್ಣೊರೆಸಿಕೊಳ್ಳುತ್ತಾ. "ನಾಳೆ ಬಾ. ಕೂತು ಜಗಳ ಆಡೋಣ."

* * *

ಮರುದಿನ ಅವನು ಬಂದ. ಏನೂ ಹರಿದುಕೊಳ್ಳದೆ ಬಂದ. ಅವಳು ಬಾಗಿಲ ಮೇಲಿನ ಟಿವಿಗೆ ಎದುರಾಗಿ ಅವನಿಗೊಂದು ಸ್ಟೂಲು ಹಾಕಿದಳು. ಪರದೆಯ ಮೇಲೆ ಕೆಟಲಿನಂಥದ್ದೇನೋ ಕುಂಟುತ್ತಾ ಬಂದು ಇಡೀ ಅಂಗಡಿ ನಡುಗುವಂತೆ ಗುಡುಗಿತು.

"ಇಷ್ಟೇನಾ?!"

"ಇಷ್ಟೇ. ದನಿ ಕೇಳಿ ಅಳತೆ ತಗೊಂಡ್ರೆ ಹೀಗೇ ಆಗೋದು."

"ನಿಮ್ಮನ್ನೂ ದನಿ ಕೇಳಿಯೇ ಅಳತೆ ಮಾಡಿದ್ದೆ," ಅವನು ಟಿವಿಯಿಂದ ಕಣ್ಣು ಕೀಳದೆ ಮೆಲ್ಲಗೆ ಹೇಳಿದ. "ಎಂಥಾ ಧೈರ್ಯವಂತೆ, ಎಂಥಾ ಗಟ್ಟಿಗಿತ್ತಿ ಅಂತ."

"ಈಗ? ಅಳತೆ ತಪ್ಪಾಯ್ತಾ?"

"ಗೊತ್ತಾಗ್ತಿಲ್ಲ. ಸ್ವಲ್ಪ ವರ್ಷ ಹತ್ರ ಕೂತು ನೋಡ್ಬೇಕು."

ಸೂಜಿ ಕೈಚಾಚಿ ಅವನ ಮುಖವನ್ನು ಟಿವಿಯಿಂದ ತನ್ನ ಕಡೆಗೆ ತಿರುಗಿಸಿಕೊಂಡಳು.

"ಹಾಗಾದ್ರೆ ಕಣ್ಣು ಬಿಟ್ಕೊಂಡು ನೋಡು."