ಆಪತ್ತಿನ ಅಕ್ಕಿ

ಮನೆಯಲ್ಲಿ ಮುನ್ನೂರು ಮೇಣದಬತ್ತಿಗಳನ್ನು ಇಟ್ಟುಕೊಂಡು ಕತ್ತಲಲ್ಲಿ ಕೂತು ಊಟ ಮಾಡಿದ ಸಂಜೆಯೇ ಅಳಿಯನ ಮನಸ್ಸು ಕೆಟ್ಟದ್ದು. ಕರೆಂಟು ಹೋಗಿತ್ತು. ತಟ್ಟೆಯಲ್ಲಿ ಏನಿದೆ ಎಂಬುದನ್ನು ಬೆರಳಿನಿಂದಲೇ ತಿಳಿಯಬೇಕಾಗಿತ್ತು. ಒಂದೇ ಒಂದು ಬತ್ತಿ ಹಚ್ಚಿದರೆ ಹೇಗೆ ಎಂದು ಅವನು ಕೇಳಿದ. ಮಾವ ಮೇಜಿನ ಆ ತುದಿಯಿಂದ, ಅಗಿಯುವುದನ್ನೂ ನಿಲ್ಲಿಸದೆ ಹೇಳಿದರು:

"ಇದು ಆಪತ್ತಲ್ಲ ಅಳಿಯಂದ್ರೇ. ಬರೀ ಕರೆಂಟ್ ಹೋಗಿರೋದು."

ಬಾಮೈದ ಕಿಸಕ್ಕನೆ ನಕ್ಕ. ಹೆಂಡತಿ ನಕ್ಕಳೋ ಇಲ್ಲವೋ ಗೊತ್ತಾಗಲಿಲ್ಲ. ಗೊತ್ತಾಗದೇ ಹೋದದ್ದೇ ಹೆಚ್ಚು ಚುಚ್ಚಿತು.

ಮಾವ ಅಗ್ನಿಶಾಮಕ ದಳದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಬೀದಿಯವರು ಅವರಿಗಿಟ್ಟ ಹೆಸರು 'ಸೈರನ್'. ಊರಿನ ಬೆಂಕಿಗಳೆಲ್ಲ ತಮ್ಮನ್ನು ಬಿಟ್ಟು ಬೇರೆಯವರ ಪಾಲಾದ ಮೇಲೆ ಅವರು ಬರಲಿರುವ ಆಪತ್ತಿಗೆ ಕಾಯುವ ಕೆಲಸ ಹಿಡಿದರು. ಮನೆಯ ಹಿಂಭಾಗದ ಕೋಣೆಯೇ ಉಗ್ರಾಣ. ಒಂದು ಗೋಡೆಗೆ ಸಾಬೂನು, ಬೆಂಕಿಪೊಟ್ಟಣ, ಬ್ಯಾಂಡೇಜು. ಇನ್ನೊಂದಕ್ಕೆ ಡಬ್ಬಿಯ ತರಕಾರಿ, ಉಪ್ಪು, ಎಣ್ಣೆ. ಕಿಟಕಿಯ ಕೆಳಗೆ ನೀರಿನ ಕ್ಯಾನುಗಳು. ನಡುವೆ, ಮರದ ಹಲಗೆಗಳ ಮೇಲೆ, ಸೈನಿಕರಂತೆ ಸಾಲುಗಟ್ಟಿ ಇಪ್ಪತ್ತು ಗೋಣಿಚೀಲ ಅಕ್ಕಿ. ದಿನದ ಅಡುಗೆಗೆ ಬೇಕಾದದ್ದು ಅಂಗಡಿಯಿಂದಲೇ ಬರಬೇಕು. ಆಪತ್ತಿನ ಅಕ್ಕಿ ಆಪತ್ತಿಗೆ ಎಂಬುದು ಕಾನೂನು. ಅತ್ತೆ ಒಮ್ಮೆ, ನೆಂಟರು ಹೇಳದೆ ಕೇಳದೆ ಬಂದಾಗ, ಇದೂ ಆಪತ್ತೇ ಅಲ್ಲವೇ ಎಂದು ವಾದಿಸಿ ನೋಡಿದ್ದರಂತೆ. ಮಾವ ಒಪ್ಪಲಿಲ್ಲ.

ಇಷ್ಟೆಲ್ಲ ಕೂಡಿಟ್ಟವರಿಗೆ ನಿದ್ದೆ ಬರಬೇಕಲ್ಲ? ಬರುತ್ತಿರಲಿಲ್ಲ. ಹಾಲಿನವನು ಕಾಂಪೌಂಡಿನ ಮೇಲಿಂದ ಇಣುಕಿದ, ಪಕ್ಕದ ಮನೆಯಾಕೆ ಉಗ್ರಾಣದ ಕಿಟಕಿ ಎಷ್ಟು ಅಗಲ ಎಂದು ಕೇಳಿದಳು, ಮಗನ ಸ್ನೇಹಿತರು ಬಚ್ಚಲಿಗೆ ಹೋಗುವ ನೆಪದಲ್ಲಿ ದಾರಿ ತಪ್ಪಿದರು: ಮಾವನ ಅನುಮಾನದ ಪಟ್ಟಿ ದಿನಸಿ ಪಟ್ಟಿಗಿಂತ ಉದ್ದವಾಗಿತ್ತು. ಹಾಗಾಗಿ ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಚೀಲಗಳ ತೂಕವಾಗುತ್ತಿತ್ತು. ಪ್ರತಿ ಚೀಲದ ಕಿವಿಗೂ ಒಂದು ರಟ್ಟಿನ ಚೀಟಿ. ತೂಕವನ್ನು ಮಾವ ತಮ್ಮ ಕೈಯಾರೆ ಅದರಲ್ಲಿ ಬರೆಯುತ್ತಿದ್ದರು.

ಮಾವನ ಹಳೆಯ ತಕ್ಕಡಿ ಮೂಲೆ ಸೇರಿದ ಮೇಲೆ, ಆ ಬೇಸಿಗೆಯ ಮೊದಲಿಂದ, ತನ್ನ ತಕ್ಕಡಿಯಲ್ಲಿ ತೂಗುತ್ತಿದ್ದವನು ಅಳಿಯ. ಅವನ ಕಸುಬೇ ಅದು. ತಕ್ಕಡಿ ರಿಪೇರಿ. ಅಂಗಡಿ, ಗಿರಣಿ, ಅಂಚೆಕಚೇರಿ, ಆಸ್ಪತ್ರೆ, ಎಲ್ಲಿ ತೂಕ ತಪ್ಪಿದರೂ ಅವನನ್ನು ಕರೆಯುತ್ತಿದ್ದರು. ಮುಳ್ಳು ಕೂದಲೆಳೆಯಷ್ಟು ಆಚೆ ನಿಂತರೂ ಅವನಿಗೆ ಹಲ್ಲುನೋವು ಬಂದಂತಾಗುತ್ತಿತ್ತು. ಮನೆಗೆ ಬಂದವರಿಗೆ ಮಾವ ಅವನನ್ನು ಪರಿಚಯಿಸುತ್ತಿದ್ದದ್ದು, "ನಮ್ಮ ಅಳಿಯಂದ್ರು, ಸದ್ಯಕ್ಕೆ ನಮ್ಮಲ್ಲೇ ಇದ್ದಾರೆ" ಎಂದು. ಆ 'ಸದ್ಯ' ಶುರುವಾಗಿ ಆರು ವರ್ಷವಾಗಿತ್ತು.

ಅವನಿಗೆ ಬೇಕಿದ್ದದ್ದು ದೊಡ್ಡದೇನಲ್ಲ. ಬೇರೆ ಊರಿನಲ್ಲಿ ಒಂದು ಅಂಗಡಿ, ಮೇಲೆ ಎರಡು ಕೋಣೆ, ಕರೆಂಟು ಹೋದಾಗ ಯಾರನ್ನೂ ಕೇಳದೆ ಹಚ್ಚಬಹುದಾದ ಒಂದು ಬತ್ತಿ. ಹೆಂಡತಿಯೂ ಒಪ್ಪಿದ್ದಳು: ಅಂಗಡಿ ಮೊದಲು ಆಗಲಿ, ಮಾರನೇ ದಿನವೇ ಗಂಟುಮೂಟೆ ಕಟ್ಟುತ್ತೇನೆ, ಆದರೆ ಅಪ್ಪನ ಮುಂದೆ ಕೈಯೊಡ್ಡಿ ಮಾಡಿದ ಅಂಗಡಿಯಾದರೆ ಬರುವುದಿಲ್ಲ. ಅವನು ಕೈಯೊಡ್ಡಲಿಲ್ಲ. ಕೈ ಹಾಕಿದ, ಅಷ್ಟೇ.

ಕತ್ತಲ ಊಟ ಮುಗಿಸಿ ಕೈ ತೊಳೆಯುವಾಗಲೇ ಅವನಿಗೆ ಹೊಳೆದಿತ್ತು. ಜಗತ್ತಿನಲ್ಲಿ ಯಾರ ಸೊತ್ತನ್ನು ಕದ್ದರೂ ಒಂದು ದಿನ ಅವರು ಅದನ್ನು ಹುಡುಕುತ್ತಾರೆ. ಆದರೆ ಈ ಕೋಣೆಯ ಸೊತ್ತನ್ನು ತೆರೆಯುವ ದಿನ ಬಾರದಿರಲಿ ಎಂದು ಇದರ ಯಜಮಾನನೇ ಬಯಸುತ್ತಾನೆ. ಡಬ್ಬಿ, ಸಾಬೂನು, ಬತ್ತಿಗಳನ್ನು ಮುಟ್ಟುವಂತಿಲ್ಲ. ಕಣ್ಣಿಗೆ ಕಾಣುವುದನ್ನು ಮಾವ ಕಣ್ಣಿನಿಂದಲೇ ಎಣಿಸುತ್ತಾರೆ. ಅಕ್ಕಿ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಅದಕ್ಕಿರುವ ಸಾಕ್ಷಿ ಒಂದೇ, ತೂಕ. ಆ ಸಾಕ್ಷಿ ಯಾರ ಮಾತು ಕೇಳುತ್ತದೆ ಎಂಬುದರಲ್ಲಿ ಅವನಿಗೆ ಸಂದೇಹವಿರಲಿಲ್ಲ.

ಬುಧವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಾವ ಬಡಾವಣೆಯ ಸಭಾಂಗಣದಲ್ಲಿ 'ಆಪತ್ತಿಗೆ ಸಿದ್ಧರಾಗಿರಿ' ಎಂಬ ಉಚಿತ ತರಗತಿ ನಡೆಸುತ್ತಿದ್ದರು. ಅತ್ತೆ ಅಲ್ಲಿ ಗಾಯಾಳುವಾಗಿ ಮಲಗಬೇಕಿತ್ತು. ಬೇರೆ ಯಾರೂ ಒಪ್ಪುತ್ತಿರಲಿಲ್ಲ. ಹೆಂಡತಿ ಶಾಲೆಗೆ ಪಾಠಕ್ಕೆ. ಬಾಮೈದ ಮನೆಯಲ್ಲೇ ಇರುತ್ತಿದ್ದ, ಆದರೆ ಹನ್ನೆರಡಕ್ಕೆ ಮುಂಚೆ ಅವನನ್ನು ಮನೆಯಲ್ಲಿದ್ದಾನೆ ಎನ್ನುವುದು ತಾಂತ್ರಿಕವಾಗಿ ಮಾತ್ರ ಸರಿ. ಅವನ ಗೊರಕೆ ನಿಂತರೆ ಅಳಿಯನೂ ಕೈ ನಿಲ್ಲಿಸುತ್ತಿದ್ದ, ಶುರುವಾದರೆ ಮುಂದುವರಿಸುತ್ತಿದ್ದ. ಅಷ್ಟು ನಂಬಿಕಸ್ತ ಕಾವಲುಗಾರ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ವಾರಕ್ಕೆ ಎರಡು ಚೀಲ. ರಿಪೇರಿಗೆ ಬಂದ ತಕ್ಕಡಿಗಳ ನಡುವೆ ಅವನ ವ್ಯಾನಿನಲ್ಲಿ ಅಕ್ಕಿ ಹೊರಟರೆ ಯಾರೂ ತಿರುಗಿ ನೋಡುವುದಿಲ್ಲ. ಒಂದು ಕಾರ್ಖಾನೆಯ ಕ್ಯಾಂಟೀನಿನವನು ಎಲ್ಲಿಂದ ಎಂದು ಕೇಳದೆ ಕೊಳ್ಳುತ್ತಿದ್ದ. ಅಳಿಯನೂ ಅವನ ಅಡುಗೆಮನೆಯ ತಕ್ಕಡಿ ಯಾಕೆ ಹಾಗೆ ತೂಗುತ್ತದೆ ಎಂದು ಎಂದೂ ಕೇಳಿದವನಲ್ಲ.

ಖಾಲಿಯಾದ ಚೀಲಕ್ಕೆ ಏನು ತುಂಬುವುದು ಎಂಬುದಕ್ಕೆ ಅವನು ಹದಿನೈದು ದಿನ ತಲೆ ಓಡಿಸಿದ. ಬರೀ ಮರಳಾದರೆ ಅರ್ಧ ಚೀಲಕ್ಕೇ ತೂಕ ಮುಗಿಯುತ್ತದೆ. ಮರದ ಹೊಟ್ಟಾದರೆ ಚೀಲ ಒಡೆದರೂ ತೂಕ ಬರುವುದಿಲ್ಲ. ಕೊನೆಗೆ, ಬಕೆಟ್ ಮಾಡುವ ಕಾರ್ಖಾನೆಯಲ್ಲಿ ಬೇಡವೆಂದು ಎಸೆದ ಪ್ಲಾಸ್ಟಿಕ್ ಮಣಿ, ಅದಕ್ಕೆ ಬೆರೆಸಲು ಅಕ್ಕಿಕಾಳಿನ ಗಾತ್ರದ ಕಲ್ಲುಹರಳು. ಎಷ್ಟಕ್ಕೆ ಎಷ್ಟು ಎಂದು ವರ್ಕ್‌ಶಾಪಿನಲ್ಲಿ ವಾರವಿಡೀ ತೂಗಿ ನೋಡಿದ. ಅದೇ ಗಾತ್ರ, ಅದೇ ತೂಕ. ತಟ್ಟಿದರೆ ಹೆಚ್ಚುಕಡಿಮೆ ಅದೇ ಸದ್ದು. ಬಾಯಿಯ ಕಡೆ ಎರಡು ಬೊಗಸೆ ನಿಜವಾದ ಅಕ್ಕಿ, ಯಾರಾದರೂ ಬೆರಳು ತೂರಿಸಿ ನೋಡಿದರೆ ಇರಲಿ ಎಂದು. ಹೊಲಿಗೆಗೆ ಮಾವನದೇ ವಿಶೇಷ ಗಂಟು. ಅಗ್ನಿಶಾಮಕ ದಳದವರಿಗೆ ಬಿಟ್ಟು ಇನ್ನೊಬ್ಬರಿಗೆ ಬಾರದ ಆ ಗಂಟನ್ನು ಅಳಿಯ ಮಾವನಿಂದಲೇ ಕಲಿತ. ಮೂರು ಸಂಜೆ ಜೊತೆಯಲ್ಲಿ ಕೂರಿಸಿಕೊಂಡು ಕಲಿಸಿದ ಮಾವನ ಕಣ್ಣಲ್ಲಿ ನೀರಾಡಿತ್ತು. ಸ್ವಂತ ಮಗ ಎಂದೂ ಕೇಳಿರಲಿಲ್ಲವಂತೆ.

ಹುಳುವಿನ ವಿಚಾರವೂ ಅವನ ತಲೆಯಿಂದ ತಪ್ಪಿಸಿಕೊಳ್ಳಲಿಲ್ಲ. ಇಷ್ಟು ಅಕ್ಕಿಯಲ್ಲಿ ಒಂದಾದರೂ ಹುಳು ಇಲ್ಲವೆಂದರೆ ಅತ್ತೆ ಮೂಗು ಮುರಿಯುತ್ತಾರೆ. ಅಡುಗೆಮನೆಯ ಡಬ್ಬದಿಂದ ಹುಳುಗಳನ್ನು ಒಂದು ಕಾಗದದ ಪೊಟ್ಟಣಕ್ಕೆ ಹಿಡಿದು, ಚೀಲಕ್ಕೆ ಐದಾರರಂತೆ ಹಂಚಿದ. ಕಳ್ಳತನದ ಚರಿತ್ರೆಯಲ್ಲಿ ಮನೆಗೆ ಹುಳು ತಂದುಬಿಟ್ಟ ಕಳ್ಳ ತಾನೊಬ್ಬನೇ ಇರಬೇಕು ಎಂದುಕೊಂಡಾಗ ಅವನಿಗೇ ನಗು ಬಂತು.

ಹತ್ತು ಬುಧವಾರಗಳಲ್ಲಿ ಇಪ್ಪತ್ತು ಚೀಲವೂ ಮುಗಿಯಿತು. ಆಗಿನ್ನೂ ಬೇಸಿಗೆ. ಅಂಗಡಿ ಗೊತ್ತಾಗಿತ್ತು. ಹಳೆಯ ಬಾಡಿಗೆದಾರ ಮಳೆಗಾಲ ಕಳೆದ ಮೇಲೆ ಬಿಟ್ಟುಕೊಡುತ್ತಾನೆ. ಅಲ್ಲಿಯವರೆಗೆ ಚೀಲಗಳ ಬಾಯಿ ಮುಚ್ಚಿದ್ದರೆ ಸಾಕು. ಆಮೇಲೆ ಎಂದಾದರೂ ತೆರೆದರೆ, ಉಗ್ರಾಣದ ಎರಡನೇ ಬೀಗದಕೈ ಯಾರ ಬಳಿ ಇದೆ ಎಂಬ ಪ್ರಶ್ನೆ ಬರುತ್ತದೆ. ಅದು ಇದ್ದದ್ದು ಬಾಮೈದನ ಬಳಿ. ಬುಧವಾರಗಳಂದು ಅವನು ಗೊರಕೆ ಹೊಡೆಯುವಾಗ ಅಳಿಯ ಎರವಲು ಪಡೆಯುತ್ತಿದ್ದದ್ದೂ ಅದನ್ನೇ. ಬೆಂಕಿ ಬಿದ್ದಾಗ ಹಿಂಬಾಗಿಲು ತೆರೆಯುವ ಜವಾಬ್ದಾರಿ ಅವನದು. ಅಳಿಯ ಸುಳ್ಳು ಹೇಳಲು ಹೋಗಲಿಲ್ಲ. ಸುಳ್ಳಿಗೆ ನೆನಪಿನ ಶಕ್ತಿ ಬೇಕು. ಬದಲಿಗೆ ಆಗಾಗ ಬಾಮೈದನ ಪರ ವಹಿಸಿ ಮಾತಾಡಿದ.

"ಪಾಪ, ಅವನ ಕೈಲಿ ದುಡ್ಡು ಓಡಾಡ್ತಿದ್ರೆ ಅನುಮಾನ ಯಾಕೆ ಪಡಬೇಕು ಮಾವ? ಎಲ್ಲೋ ದುಡಿದಿರ್ತಾನೆ."

ಮಗ ದುಡಿದಿರಬಹುದೆಂಬ ಮಾತು ಕೇಳಿದ ಮಾವನ ಹುಬ್ಬು ಮೇಲೇರಿ ಅಲ್ಲೇ ನಿಂತಿತು. ಅಂದಿನಿಂದ ಅವರು ಮಗನ ಚಪ್ಪಲಿಯ ಅಡಿಯನ್ನೂ ತಿರುಗಿಸಿ ನೋಡತೊಡಗಿದರು. ಬಾಮೈದ ಭಾವನ ಹತ್ತಿರ ಬಂದು ಗೋಳು ತೋಡಿಕೊಂಡ. "ಭಾವ, ಅಪ್ಪ ನನ್ನ ಮೂಸಿ ನೋಡ್ತಾರೆ. ಅಕ್ಕಿ ವಾಸನೆ ಬರುತ್ತಾ ಅಂತ." ಅಳಿಯ ಅವನ ಬೆನ್ನು ಸವರಿ ಸಮಾಧಾನ ಹೇಳಿದ.

ಮಳೆ ಹಿಡಿಯಿತು. ಊರಿಗೆ ಊರೇ ಬಿಸಿಲಿಗೆ ಹಂಬಲಿಸಿದರೆ ಅಳಿಯನ ಹಂಬಲ ಬೇರೆ: ಆಪತ್ತೊಂದು ಬಾರದಿದ್ದರೆ ಸಾಕು. ಹವಾಮಾನದ ವರದಿಯನ್ನು ಮಾವನಿಗಿಂತ ಭಕ್ತಿಯಿಂದ ಕೇಳುವವನು ಆ ಮನೆಯಲ್ಲಿ ಈಗ ಅವನೊಬ್ಬನೇ. ಒಮ್ಮೆ ಹೊಳೆ ಉಕ್ಕಿ ಸೇತುವೆ ಮುಚ್ಚುವ ಸುದ್ದಿ ಬಂದು, ಮಾವ ಹೊಸ ಗೆಲುವಿನಿಂದ ಎದ್ದು ನಿಂತು, ಎಲ್ಲರನ್ನೂ ಉಗ್ರಾಣದ ಮುಂದೆ ಸಾಲಾಗಿ ನಿಲ್ಲಿಸಿದರು. ಮೊದಲ ಚೀಲ ಯಾವುದು, ಯಾರು ಬಿಚ್ಚಬೇಕು, ಎಷ್ಟು ಅಳೆಯಬೇಕು ಎಂದು ಆಜ್ಞೆಗಳಾದವು. ಅಳಿಯನ ಬೆನ್ನಿನಲ್ಲಿ ಬೆವರು ಹೊಳೆಯಂತೆಯೇ ಇಳಿಯಿತು. ಅರ್ಧಗಂಟೆಯಲ್ಲಿ ನೀರು ಇಳಿಯುತ್ತಿದೆ ಎಂಬ ಸುದ್ದಿ ಬಂತು. ಮಾವನ ಮುಖ ಸಪ್ಪಗಾಯಿತು. "ಇದೂ ಅಲ್ಲ" ಎಂದಷ್ಟೇ ಹೇಳಿ ಬೀಗ ಹಾಕಿದರು.

ತೂಕದ ಭಾನುವಾರಗಳೇ ಅವನ ಹಬ್ಬ. ಮಳೆಗಾಲದ ಮೊದಲ ತಿಂಗಳು ಇಪ್ಪತ್ತು ಚೀಲವೂ ಬೇಸಿಗೆಯ ಅಂಕಿಯನ್ನೇ ತೋರಿದವು. ಎರಡನೇ ತಿಂಗಳೂ ಅಷ್ಟೇ. ಮುಳ್ಳು ಪ್ರತಿ ಬಾರಿಯೂ ಅದೇ ಗೆರೆಯ ಮೇಲೆ ಬಂದು, ಒಮ್ಮೆ ನಡುಗಿ, ನಿಲ್ಲುತ್ತಿತ್ತು. ಇಂಥ ಕೆಲಸವನ್ನು ಮೆಚ್ಚಿಕೊಳ್ಳಲು ಇನ್ನೊಬ್ಬ ಬಲ್ಲವನಿಲ್ಲವಲ್ಲ ಎಂದು ಅವನಿಗೆ ನಿಜಕ್ಕೂ ಬೇಸರವಾಯಿತು. ಮಾವ ಮಾತ್ರ ಬರೆಯುವ ಮುಂಚೆ ಮುಳ್ಳನ್ನು ಹೆಚ್ಚು ಹೊತ್ತು ನೋಡತೊಡಗಿದ್ದರು. ಮಗನ ಕಡೆಗೂ ನೋಡುತ್ತಿದ್ದರು. ಅಳಿಯ ಆ ನೋಟದ ಎರಡನೇ ಅರ್ಧವನ್ನಷ್ಟೇ ಗಮನಿಸಿದ.

ಮೂರನೇ ತಿಂಗಳ ತೂಕದ ಭಾನುವಾರ ಮಾವ ಅತ್ತೆಯನ್ನೂ ಮಗಳನ್ನೂ ಮಗನನ್ನೂ ಉಗ್ರಾಣಕ್ಕೆ ಕರೆದರು. ಬಂತು ಗಳಿಗೆ, ಇವತ್ತು ಬಾಮೈದನ ವಿಚಾರಣೆ ಎಂದು ಅಳಿಯ ಮುಖವನ್ನು ಗಂಭೀರ ಮಾಡಿಕೊಂಡ. ಅಂಗಡಿ ಸಿಗಲು ಉಳಿದದ್ದು ಇಪ್ಪತ್ತೇ ದಿನ. ಇಪ್ಪತ್ತು ಚೀಲ ಏರಿ ಇಳಿದವು. ಅದೇ ಅಂಕಿಗಳು. ಮಾವ ಪೆನ್ನಿನ ಮುಚ್ಚಳ ಹಾಕಿದರು.

"ತಪ್ಪು ತಿಳೀಬೇಡಿ ಅಳಿಯಂದ್ರೇ. ನಿಮ್ಮ ತಕ್ಕಡಿ ಮೇಲೆ ನನಗೆ ಅನುಮಾನ. ಕೆಟ್ಟಿರಬಹುದಾ?"

ಅವನಿಗೆ ಕೆನ್ನೆಗೆ ಹೊಡೆದಂತಾಯಿತು. ಆರು ವರ್ಷ 'ಸದ್ಯಕ್ಕೆ' ಎನಿಸಿಕೊಂಡವನು, ಕತ್ತಲಲ್ಲಿ ಉಂಡವನು, ಎಲ್ಲವನ್ನೂ ನುಂಗಿದ್ದ. ಇದನ್ನು ಮಾತ್ರ ನುಂಗಲಾಗಲಿಲ್ಲ. ಹೆಂಡತಿ ಬೇರೆ ನೋಡುತ್ತಿದ್ದಳು. ಅವನು ವ್ಯಾನಿಗೆ ಹೋಗಿ ಸರಕಾರಿ ಮೊಹರಿನ ತೂಕದ ಬಟ್ಟುಗಳನ್ನು ತಂದು ಒಂದೊಂದಾಗಿ ಇಟ್ಟ. ಐದು. ಹತ್ತು. ಇಪ್ಪತ್ತು. ಐವತ್ತು. ಮುಳ್ಳು ಪ್ರತಿ ಬಾರಿ ಗೆರೆಯ ನೆತ್ತಿಯ ಮೇಲೇ ನಿಂತಿತು. ಮೇಲೊಂದು ನೂರು ಗ್ರಾಮಿನದನ್ನಿಟ್ಟ. ಅದನ್ನೂ ತೋರಿಸಿತು.

"ಪ್ರಳಯ ಆದ್ರೂ ಇದು ಸುಳ್ಳು ಹೇಳಲ್ಲ ಮಾವ," ಎಂದ. "ಬೇಕಾದ್ರೆ ನನ್ನ ಮೇಲೆ ಅನುಮಾನ ಪಡಿ. ಇದರ ಮೇಲೆ ಮಾತ್ರ ಬೇಡ."

"ಸರಿ ಬಿಡಿ," ಎಂದರು ಮಾವ ಮೆಲ್ಲಗೆ. "ನೀವೇ ಹೇಳಿದ್ರಲ್ಲ." ಅವರು ಹಿಂದಿನ ವರ್ಷಗಳ ಚೀಟಿಗಳ ಕಟ್ಟನ್ನು ಅವನ ಕೈಗಿತ್ತರು. ಅವನು ಅವನ್ನು ಹಿಂದೆಯೂ ನೋಡಿದ್ದ. ಅಂಕಿಗಳು ತಿಂಗಳಿಂದ ತಿಂಗಳಿಗೆ ಏರಿ ಇಳಿದದ್ದು ಕಂಡು, ಆಗಿದ್ದ ಹಳೆಯ ತಕ್ಕಡಿ ಕೆಟ್ಟದ್ದೆಂದು ಮನಸ್ಸಿನಲ್ಲೇ ನಕ್ಕಿದ್ದ. ತೂಕ ಬದಲಾದರೆ ತಪ್ಪು ತಕ್ಕಡಿಯದು ಎಂಬುದನ್ನು ಬಿಟ್ಟು ಅವನ ಕಸುಬು ಅವನಿಗೆ ಬೇರೇನೂ ಕಲಿಸಿರಲಿಲ್ಲ. "ಪ್ರತಿ ವರ್ಷ ಮಳೆಗಾಲ ಬಂದ್ರೆ ಒಂದೊಂದು ಚೀಲಾನೂ ಮುಕ್ಕಾಲು ಕೆಜಿ ಜಾಸ್ತಿ ತೂಗ್ತಿತ್ತು, ಬೇಸಿಗೇಲಿ ಇಳೀತಿತ್ತು," ಎಂದರು ಮಾವ. "ಅಕ್ಕಿ ತೇವ ಕುಡಿಯುತ್ತೆ ಅಳಿಯಂದ್ರೇ. ಈ ಸಲ ಬಾಗಿಲು ಉಬ್ಬಿದೆ, ಉಪ್ಪು ನೀರಾಗಿದೆ, ಬೆಂಕಿಕಡ್ಡಿ ಗೀಚಿದ್ರೆ ಹತ್ತಲ್ಲ. ಇಪ್ಪತ್ತು ಚೀಲದಲ್ಲಿ ಒಂದಕ್ಕೂ ಬಾಯಾರಿಕೆ ಆಗಿಲ್ಲ." ಮಳೆ ಕಿಟಕಿಯ ಗಾಜಿಗೆ ಬಡಿಯುತ್ತಿತ್ತು. ಎರಡನೇ ಬೀಗದಕೈ ಬಾಮೈದನ ಸೊಂಟದಲ್ಲೇ ತೂಗಾಡುತ್ತಿತ್ತು, ಆದರೆ ಯಾರೂ ಅತ್ತ ನೋಡಲಿಲ್ಲ. ಅತ್ತೆ, ಹೆಂಡತಿ, ಕೊನೆಗೆ ಬಾಮೈದನೂ, ಒಬ್ಬೊಬ್ಬರಾಗಿ, ಇಪ್ಪತ್ತು ಚೀಲಗಳನ್ನು ಮಳೆಗೂ ಬಿಸಿಲಿಗೂ ಜಗ್ಗದಷ್ಟು ಕರಾರುವಾಕ್ಕಾಗಿ ತೂಗಿ ತುಂಬಬಲ್ಲ, ಆ ಮನೆಯ ಒಬ್ಬನೇ ಮನುಷ್ಯನ ಕಡೆಗೆ ತಿರುಗಿದರು.