ಎರಡು ಬೆರಳಗಲದ ಗೋಡೆ

ಕುಂದಾಪುರದ ನಮ್ಮ ಫೋಟೊ ಬಳಗದಲ್ಲಿ ಒಂದು ಕಟ್ಟುಪಾಡುಂಟು. ಬೀದಿಯ ಚಿತ್ರ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ನಾವೆಲ್ಲ ಮಾತಾಡಿ ಮುಗಿಸುವವರೆಗೆ ತೆಗೆದವರು ಬಾಯಿ ಬಿಡುವಂತಿಲ್ಲ. ನಾವೂ ಅಷ್ಟೇ, ಮೊದಲು ಒಳ್ಳೆಯದನ್ನು ಹೇಳಿ ಆಮೇಲೆ ಹುಳುಕು ತೆಗೆಯಬೇಕು.

ಕಳೆದ ಏಪ್ರಿಲಿನ ಒಂದು ಮಧ್ಯಾಹ್ನ ಪ್ರೇಕ್ಷಾ ವಂಡ್ಸೆ ಪೇಟೆಯ ಚಿತ್ರ ತಂದಳು. ಬಾಗಿಲು ಹಾಕಿದ ಅಂಗಡಿ, ಉದ್ದದ ಗೋಡೆ, ಎಡತುದಿಯಲ್ಲಿ ಒದ್ದೆ ಕೊಡೆ ಹಿಡಿದ ಅಜ್ಜ. ಬೆವರಿಳಿಯುವ ಸೆಕೆಯಲ್ಲೂ ಕಾಗದ ಕೈಗೆ ತಣ್ಣಗಿತ್ತು.

“ಬೆಳಕು ಲಾಯ್ಕ್ ಇತ್ತ್ ಮಾರಾಯ್ತಿ,” ಎಂದೆ. “ಆ ಅಜ್ಜಯ್ಯನ್ನ ಕತ್ತರ್ಸಿ ತೆಗ್ದ್ರೆ ಇನ್ನೂ ಲಾಯ್ಕ್ ಆತ್ತ್.”

ಉಳಿದ ನಾಲ್ವರೂ ಹೌದೆಂದರು. ಪ್ರೇಕ್ಷಾಳ ಮುಖ ಬಿಳಿಚಿಕೊಂಡಿತು. ನನ್ನ ಮಾತಿಗೆ ನೊಂದಳೆಂದುಕೊಂಡೆ. ಎಡಬದಿಯಿಂದ ಎರಡು ಬೆರಳಗಲ ನಾನೇ ಕತ್ತರಿಸಿದೆ. ಕಟ್ಟುಪಾಡಿನಂತೆ ಅವಳು ಸುಮ್ಮನಿದ್ದಳು.

“ಈಗ ಹೇಳು,” ಎಂದೆ.

“ನಾ ಫೋಟೊ ತೆಗುವತಿಗೆ ಅಲ್ಲಿ ಯಾರೂ ಇರ್ಲಿಲ್ಲ.”

ಚಿತ್ರ ನೋಡಿದೆವು. ಅಜ್ಜ ಕೊಡೆ ಮಡಚಿಕೊಂಡು ಅಂಗಡಿಯ ಬಾಗಿಲಲ್ಲಿ, ನಟ್ಟನಡುವೆ ನಿಂತಿದ್ದ. ಯಾರೂ ಹುಳುಕು ತೆಗೆಯಲಿಲ್ಲ.

ಕತ್ತರಿಸಿದ ಪಟ್ಟಿ ನನ್ನ ಮೇಜಿನ ಖಾನೆಯಲ್ಲಿದೆ. ಅದರಲ್ಲಿರುವುದು ಬರೀ ಗೋಡೆ, ಬುಡದಲ್ಲಿ ಕೊಡೆಯಿಂದ ಸೋರಿದ ನೀರು. ಮೊನ್ನೆ ಮುಟ್ಟಿ ನೋಡಿದೆ. ಬೆರಳು ಒದ್ದೆಯಾಯಿತು.